ತಿದ್ದಿದ ಕೆನ್ನೆ

"ಇದು ನಾನಲ್ಲವಂತೆ!" ಎನ್ನುತ್ತ ಮಗಳು ಫೋಟೋವನ್ನು ಗಾಜಿನ ಮೇಜಿನ ಮೇಲೆ ಬಡಿದಳು.

ಸ್ಟುಡಿಯೋದ ಯಜಮಾನ ಕನ್ನಡಕ ಏರಿಸಿ ನೋಡಿದ. ಅವನೇ ತೆಗೆದ ಫೋಟೋ. ಬಿಳಿ ಹಿನ್ನೆಲೆ, ಎರಡೂ ಕಿವಿ ಕಾಣುತ್ತಿವೆ, ಮುಖದಲ್ಲಿ ನಗುವಿಲ್ಲ. ಹೊರದೇಶಕ್ಕೆ ಓದಲು ಹೋಗುವ ಮಕ್ಕಳು ಸ್ಟಡಿ ಪರ್ಮಿಟ್ ಫೋಟೋಗೆ ಹುಡುಕಿಕೊಂಡು ಬರುವುದು ಅವನ ಅಂಗಡಿಗೇ. ಅಂಥವನ ಮಗಳ ಅರ್ಜಿಯೇ ವಾಪಸ್ಸು ಬಂದರೆ ಮುಖ ಎಲ್ಲಿಡುವುದು?

"ಏನು ತಪ್ಪಂತೆ?"

"ಪಾಸ್‌ಪೋರ್ಟಲ್ಲಿ ಆ ಆಫೀಸಲ್ಲೇ ತೆಗೆದ ಫೋಟೋ ಇದೆಯಲ್ಲ, ಅದರಲ್ಲಿ ಕೆನ್ನೆ ಮೇಲೆ ಗಾಯದ ಗುರುತಿದೆ, ಇದರಲ್ಲಿಲ್ಲ. ಇಬ್ಬರೂ ಒಬ್ಬಳೇನಾ ಅಂತ ಅನುಮಾನ ಪರ್ಮಿಟ್ ಆಫೀಸಿನವರಿಗೆ. ಹೊಸ ಫೋಟೋ ಬೇಕು, ಜೊತೆಗೆ ಗುರುತು ಕಾಣೋ ಹಳೇದೊಂದು. ಸಂಜೆಯೊಳಗೆ ಕೌಂಟರಿಗೆ ಕೊಡದಿದ್ರೆ ಅರ್ಜಿ ವಜಾ. ಸೀಟೂ ಹೋದ ಹಾಗೇ."

ತಿದ್ದಿದ್ದು ಅವನಿಗೆ ನೆನಪೇ ಇರಲಿಲ್ಲ. ಮದುಮಕ್ಕಳ ಮೊಡವೆ, ಬೀಗರ ಬೋಳುತಲೆಯ ಹೊಳಪು ಅಳಿಸಿ ಅಳಿಸಿ ಪಳಗಿದ ಕೈ ಅದು. ಹಾಗೆಂದು ಬೇರೆ ಮಕ್ಕಳ ಪರ್ಮಿಟ್ ಫೋಟೋದಲ್ಲಿ ಒಂದು ಮಚ್ಚೆಯನ್ನೂ ಮುಟ್ಟಿದವನಲ್ಲ, ನಿಯಮವೆಲ್ಲ ಬಾಯಿಪಾಠ. ಮಗಳ ಮುಖ ಪರದೆಯ ಮೇಲೆ ಬಂದಾಗ ಮಾತ್ರ ನಿಯಮ ಮರೆತುಹೋಗುತ್ತಿತ್ತು. ಅವಳು ಮೆಟ್ಟಿಲಿಂದ ಉರುಳಿ ಕೆನ್ನೆಗೆ ಹೊಲಿಗೆ ಹಾಕಿಸಿಕೊಂಡ ಕಾಲದಿಂದಲೂ ಹಾಗೆಯೇ.

ಹೊಸ ಫೋಟೋ ತೆಗೆಯಲು ಎಷ್ಟು ಹೊತ್ತು? ತೆಗೆದು ಕಂಪ್ಯೂಟರ್ ಮುಂದೆ ಕೂತ. ಬಾಣದ ಗುರುತು ಸೀದಾ ಕೆನ್ನೆಯತ್ತ ಸರಿಯಿತು.

"ಅಪ್ಪಾ, ಕೈ!"

ಬಿಸಿ ತಾಗಿದವನಂತೆ ಕೈ ಎಳೆದುಕೊಂಡ.

ಆಮೇಲೆ ಹಳೆಯ ಫೋಟೋ ಹುಡುಕಾಟ. ಶಾಲೆಯ ಬಹುಮಾನ, ಚಿಕ್ಕಮ್ಮನ ಮದುವೆ, ಅಜ್ಜಿಯ ಪಕ್ಕ ಕೂತದ್ದು, ಕಾಲೇಜಿನ ಮೊದಲ ದಿನ. ಎಲ್ಲದರಲ್ಲೂ ಕೆನ್ನೆ ಆಗತಾನೆ ಸುಣ್ಣ ಹೊಡೆದ ಗೋಡೆಯ ಹಾಗೆ ನುಣ್ಣಗಿತ್ತು.

"ತಿದ್ದೋಕೆ ಮುಂಚಿನದು ಇಟ್ಟಿರ್ತೀಯಲ್ಲ, ಅದು ತೆಗಿ."

"ಇಟ್ಟಿಲ್ಲ ಪುಟ್ಟಾ. ತಿದ್ದಿದ್ದನ್ನ ಅದರ ಮೇಲೇ ಸೇವ್ ಮಾಡಿಬಿಡ್ತೀನಿ. ಜಾಗ ಸಾಲಲ್ಲ ಅಂತ..."

"ಒಂದೂ ಇಲ್ವಾ?"

ಅವನು ತಲೆಯಲ್ಲಾಡಿಸಿದ. ಮಗಳು ಕುರ್ಚಿಗೆ ಕುಸಿದು ಗೋಡೆಗಳನ್ನು ನೋಡಿದಳು. "ಊರವರ ಮುಖವೆಲ್ಲ ಇದೆ ಇಲ್ಲಿ. ನಂದೊಂದಿಲ್ಲ."

"ಯಾರೂ ನಿನ್ನ ಆಡ್ಕೋಬಾರ್ದು ಅಂತ ಕಣೇ ಮಾಡಿದ್ದು."

"ಯಾರು ಆಡ್ಕೊಂಡ್ರು? ನಿಂಗೇ ನೋಡೋಕೆ ಆಗಲ್ಲ ಅಂದ್ಕೊಂಡು ಬೆಳೆದೆ ನಾನು."

ಮುದ್ದಿನಿಂದ ಮಾಡಿದ್ದೆಂದು ಅವನು ಇಷ್ಟು ವರ್ಷ ನಂಬಿಕೊಂಡಿದ್ದ. ಈಗ ನೋಡಿದರೆ ಹುಡುಗಿ ಅದನ್ನು ಒಳಗೊಳಗೇ ನುಂಗಿಕೊಂಡು ಬಂದಿದ್ದಾಳೆ, ತಾನು ಮಾತ್ರ ಫೋಟೋ ಚೆನ್ನಾಗಿ ಬಂತೆಂದು ಬೀಗಿದ್ದಾನೆ. ತುಂಬ ನಾಚಿಕೆಯಾಯಿತು.

ಗಡಿಯಾರ ತನ್ನ ಪಾಡಿಗೆ ಓಡುತ್ತಿತ್ತು. ಮಗಳು ಚೀಲಕ್ಕೆ ಕೈಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ಕೊನೆಗೆ ಫೋನನ್ನು ಅವನ ಮುಂದೆ ಚಾಚಿದಳು.

"ಗೆಳತೀರು ತೆಗೆದದ್ದು. ನೀನು ನೋಡಿದ್ರೆ ಸರಿಮಾಡೋಕೆ ಕೂರ್ತೀಯ ಅಂತ ತೋರಿಸಿರಲಿಲ್ಲ."

ಬಸ್ಸಿನ ಕಿಟಕಿಯಲ್ಲಿ, ಹಾಸ್ಟೆಲ್ ಮಾಳಿಗೆಯಲ್ಲಿ, ಯಾರದೋ ಹೆಗಲಿಗೆ ಜೋತುಬಿದ್ದು, ಎಲ್ಲದರಲ್ಲೂ ಅವಳು ನಗುತ್ತಿದ್ದಳು. ನಕ್ಕಾಗ ಗಾಯದ ಗೆರೆ ಮೇಲಕ್ಕೆ ಬಾಗುತ್ತಿತ್ತು. ಅದು ಹಾಗೆ ಬಾಗುವುದು ಅವನಿಗೆ ಗೊತ್ತೇ ಇರಲಿಲ್ಲ.

"ಒಪ್ತಾರೇನೇ ಇದನ್ನ?"

"ಗೊತ್ತಿಲ್ಲ ಅಪ್ಪ. ಇರೋದು ಇದೇ. ಬಸ್ಸಿಂದು ಪ್ರಿಂಟ್ ಹಾಕು. ಏನೂ ಮುಟ್ಬೇಡ."

ಯಂತ್ರ ಗೊರಗೊರ ಸದ್ದು ಮಾಡಿತು. ಕಾಗದ ನಿಧಾನವಾಗಿ ಹೊರಬಂತು: ಗಾಳಿಗೆ ಕೆದರಿದ ಕೂದಲು, ಹಣೆ, ಕಣ್ಣು, ಆಮೇಲೆ ಕೆನ್ನೆ. ಮಗಳು ಕಾಗದವನ್ನು ನೋಡಲಿಲ್ಲ, ಅಪ್ಪನನ್ನು ನೋಡುತ್ತಿದ್ದಳು. ಅವನು ಎರಡೂ ಕೈಗಳನ್ನು ಬೆನ್ನ ಹಿಂದೆ ಬಿಗಿಯಾಗಿ ಕಟ್ಟಿಕೊಂಡು ನಿಂತಿದ್ದ.