ಒಟ್ಟಿಗೆ ಕೂತು ಊಟ

"ಸಾಕು, ಸಾಕು, ಅಷ್ಟೊಂದು ನಂಗೆ ಸೇರಲ್ಲ," ಎಂದು ಹಲೋ ಅಕ್ಕ ಅಂದದ್ದೇ ತಪ್ಪಾಯಿತು. ಕುಂಬಳಕಾಯಿ ಸೂಪು ಬಡಿಸುತ್ತಿದ್ದ ಸೌಟು ಅರ್ಧದಲ್ಲೇ ನಿಂತಿತು. ಸಾಲಿನಲ್ಲಿ ಹಿಂದೆ ಮುಂದೆ ಇದ್ದವರೆಲ್ಲ ತಮ್ಮ ತಮ್ಮ ಬಟ್ಟಲು ನೋಡಿಕೊಂಡರು. ಪಕ್ಕದಲ್ಲಿದ್ದ ಬೂದು ಸ್ವೆಟರಿನ ಹೆಂಗಸು ತೋರುಬೆರಳನ್ನು ತುಟಿಯ ಮೇಲೆ ನೆಟ್ಟಗೆ ಇಟ್ಟುಕೊಂಡು, ಗಲಾಟೆ ಮಾಡಿದ ಮಗುವನ್ನು ನೋಡುವ ಹಾಗೆ ಅವಳನ್ನು ನೋಡಿದಳು. ಇಲ್ಲಿ ಊಟ ಮುಗಿಯುವ ತನಕ ಯಾರೂ ಮಾತಾಡುವಂತಿಲ್ಲ ಎಂಬುದು ಹಲೋ ಅಕ್ಕನಿಗೆ ಗೊತ್ತಾದದ್ದು ಹೀಗೆ.

ಆ ಹೆಸರು ಬೀದಿಯವರು ಇಟ್ಟದ್ದು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿ ಸೇರಿ, ತಲೆ ನರೆತ ಮೇಲೆ ಅಲ್ಲಿಂದ ಹೊರಬಂದವಳು ಅವಳು. ತರಕಾರಿ ಅಂಗಡಿಯಲ್ಲೂ "ಹಲೋ, ಗೆಣಸು ಹೇಗಪ್ಪಾ?" ಎಂದೇ ಮಾತು ಶುರು ಮಾಡುತ್ತಿದ್ದಳು. ಮಾತಿನಿಂದಲೇ ಅನ್ನ ಸಂಪಾದಿಸಿದ ಇಂಥವಳು ಬಾಯಿ ಬಿಡಬಾರದ ಜಾಗಕ್ಕೆ ತಾನಾಗಿಯೇ ಹೆಸರು ಬರೆಸಿ ಬಂದಿದ್ದಳು. ತಪ್ಪು ಕರಪತ್ರದ್ದಲ್ಲ. "ಶರತ್ಕಾಲದ ಆರೋಗ್ಯ ಶಿಬಿರ: ಋತುವಿಗೆ ತಕ್ಕ ಆಹಾರ, ಧ್ಯಾನ, ಮೌನ, ಒಟ್ಟಿಗೆ ಕೂತು ಊಟ" ಎಂದು ಅದರಲ್ಲಿ ಸ್ಪಷ್ಟವಾಗಿಯೇ ಅಚ್ಚಾಗಿತ್ತು. ಅವಳ ಕಣ್ಣಿಗೆ ಬಿದ್ದದ್ದು ಕೊನೆಯ ಮೂರು ಮಾತು ಮಾತ್ರ.

ಅದಕ್ಕೂ ಕಾರಣವಿತ್ತು. ತಂಗಿ ತೀರಿಕೊಂಡ ಮೇಲೆ ಅವಳಿಗೆ ಊಟ ಸೇರುತ್ತಿರಲಿಲ್ಲ. ಗಂಡ ಮಕ್ಕಳ ತಾಪತ್ರಯ ಹಚ್ಚಿಕೊಳ್ಳದ ಅಕ್ಕತಂಗಿ ಇಬ್ಬರೂ ಒಂದೇ ಮನೆಯಲ್ಲಿ, ಒಂದೇ ಮೇಜಿನ ಎರಡು ಬದಿಯಲ್ಲಿ ಕೂತು ಉಂಡವರು. ಉಂಡವರು ಅನ್ನುವುದಕ್ಕಿಂತ ಜಗಳವಾಡಿದವರು ಅನ್ನಬೇಕು. ಅಕ್ಕ ಮಾಡಿದ್ದು ತಂಗಿಗೆ ಬೆಂದಿರುತ್ತಿರಲಿಲ್ಲ, ತಂಗಿ ಮಾಡಿದ್ದು ಅಕ್ಕನಿಗೆ ಹೊತ್ತಿರುತ್ತಿತ್ತು. ಹೀಗೆ ಒಬ್ಬರ ಅಡಿಗೆಯನ್ನೊಬ್ಬರು ಹೀಯಾಳಿಸುತ್ತ ಪಾತ್ರೆ ಖಾಲಿ ಮಾಡಿಬಿಡುತ್ತಿದ್ದರು. ಈಗ ಹೆಸರಿಡುವವರಿಲ್ಲ. ಹಲೋ ಅಕ್ಕ ಒಲೆಯ ಮುಂದೆ ನಿಂತೇ, ಪಾತ್ರೆಯಿಂದಲೇ ನಾಲ್ಕು ಚಮಚ ಬಾಯಿಗೆ ಹಾಕಿಕೊಂಡು ಉಳಿದದ್ದನ್ನು ಮುಚ್ಚಿಡುತ್ತಿದ್ದಳು. ರವಿಕೆಗಳೆಲ್ಲ ಭುಜದಿಂದ ಜಾರತೊಡಗಿದವು.

"ರಿಪೋರ್ಟೆಲ್ಲ ಚೆನ್ನಾಗೇ ಇದೆಯಲ್ಲಮ್ಮ. ಊಟ ಒಬ್ಬರೇ ಮಾಡ್ತೀರಾ?" ಎಂದು ಡಾಕ್ಟರು ಕೇಳಿದ್ದರು.

"ಮತ್ತೆ ಇನ್ಯಾರ ಜೊತೆ ಮಾಡಲಿ? ನೀವು ಬರ್ತೀರಾ?"

ಡಾಕ್ಟರು ನಕ್ಕು, ಮೇಜಿನ ಮೇಲಿದ್ದ ಕರಪತ್ರ ಕೊಟ್ಟು ಕಳಿಸಿದ್ದರು.

ಶಿಬಿರ ನಡೆಯುತ್ತಿದ್ದುದು ಹಿಂದೆ ನೃತ್ಯಶಾಲೆಯಾಗಿದ್ದ ಒಂದು ಹಾಲಿನಲ್ಲಿ. ಗೋಡೆಯುದ್ದದ ಕನ್ನಡಿಗಳಿಗೆ ಬಿಳಿ ಬಟ್ಟೆ ಹೊದಿಸಿದ್ದರು. ಬಾಗಿಲ ಬಳಿಯ ಹಲಗೆಯಲ್ಲಿ "ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ" ಎಂದು ಬಣ್ಣದ ಚಾಕಿನಲ್ಲಿ ಬರೆದಿತ್ತು. ಧ್ಯಾನ ಹೇಳಿಕೊಡುವ ಟೀಚರು ಇನ್ನೂ ಚಿಕ್ಕ ವಯಸ್ಸಿನವಳು. ನಿದ್ದೆ ಮಾಡುತ್ತಿರುವ ಕೂಸಿನ ಪಕ್ಕ ಕೂತವರ ಹಾಗೆ ಸಣ್ಣ ದನಿಯಲ್ಲಿ ಮಾತಾಡುತ್ತಿದ್ದಳು. ಚಳಿಗೆ ಮೊದಲು ಮೈಗೆ ಬಿಸಿ ಬೇಕು, ಮಣ್ಣಿನೊಳಗೆ ಬೆಳೆದ ಗೆಡ್ಡೆಗೆಣಸು ಬೇಕು, ನಿಧಾನವಾಗಿ ಅಗಿಯಬೇಕು ಎಂದಳು. "ಮರಗಳು ಎಲೆ ಬಿಡ್ತಾ ಇವೆ. ನಾವೂ ಹಾಗೇ ಮಾತನ್ನ ಬಿಡೋಣ," ಎಂದೂ ಹೇಳಿದಳು. ಮರಕ್ಕೇನಮ್ಮ, ಮತ್ತೆ ಚಿಗುರುತ್ತದೆ ಎಂದು ನಾಲಿಗೆಯ ತುದಿಗೆ ಬಂದದ್ದನ್ನು ಹಲೋ ಅಕ್ಕ ನುಂಗಿಕೊಂಡಳು.

ಅಡಿಗೆಗೆ ಮಾತ್ರ ಹೆಸರಿಡುವಂತಿರಲಿಲ್ಲ. ಸಿಪ್ಪೆಯ ಸಮೇತ ಸುಟ್ಟ ಗೆಣಸು, ಎಳ್ಳು ಉದುರಿಸಿದ ಬೀಟ್‌ರೂಟ್, ಚಕ್ಕೆ ಹಾಕಿ ಬೇಯಿಸಿದ ಸೇಬು, ಒಂದೊಂದು ದಿನ ಒಂದೊಂದು. ಉದ್ದನೆಯ ಮೇಜಿಗೆ ಎರಡೂ ಕಡೆ ಜನ ಕೂರುತ್ತಿದ್ದರು, ಮೊಣಕೈಗೆ ಮೊಣಕೈ ತಾಗುತ್ತಿತ್ತು. ಆದರೆ ಕಣ್ಣು ಅವರವರ ಬಟ್ಟಲಲ್ಲೇ ಇರಬೇಕು. ಚಮಚದ ಸದ್ದು, ಯಾರೋ ನುಂಗುವ ಸದ್ದು, ಅಷ್ಟೇ. ಮನೆಯಲ್ಲಿ ಒಂಟಿಯಾಗಿರುವುದಕ್ಕೆ ಒಂದು ಅರ್ಥವಾದರೂ ಇದೆ. ಇಷ್ಟು ಜನರ ನಡುವೆ ಕೂತು ಒಂಟಿಯಾಗುವುದಕ್ಕೆ ಏನನ್ನಬೇಕು? ಮೊದಲ ದಿನ ಅವಳಿಗೆ ಅಳುವೇ ಬಂದಿತ್ತು. ಸೂಪಿನ ಬಿಸಿಗೆ ಅಂದುಕೊಳ್ಳಲಿ ಎಂದು ಮೂಗು ಒರೆಸಿಕೊಂಡಳು.

ಆದರೂ ದಿನಾ ಹೋದಳು. ಬೂದು ಸ್ವೆಟರಿನವಳಿಗೆ ಮನಸ್ಸಿನಲ್ಲೇ ಬೆರಳಮ್ಮ ಎಂದು ಹೆಸರಿಟ್ಟಿದ್ದಳು. ಯಾರು ಕೆಮ್ಮಿದರೂ ಬೆರಳಮ್ಮನ ಬೆರಳು ಏಳುತ್ತಿತ್ತು. ಮೌನ ಎಂದರೆ ಅವಳಿಗೆ ಪರೀಕ್ಷೆಗೆ ಕೂತಷ್ಟು ಗಂಭೀರ. ಹಲೋ ಅಕ್ಕ ಅವಳ ಎದುರಿನ ಜಾಗವನ್ನೇ ಹಿಡಿಯುತ್ತಿದ್ದಳು. "ನಿನ್ನ ಬೆರಳಿಗಿಷ್ಟು ಬೆಂಕಿ ಹಾಕ, ಆ ಸೇಬನ್ನ ಹಾಗಾ ತಿನ್ನೋದು?" ಎಂದು ಒಳಗೊಳಗೇ ಜಗಳವಾಡುತ್ತ ಉಂಡರೆ ಎರಡು ತುತ್ತು ಹೆಚ್ಚು ಸೇರುತ್ತಿತ್ತು. ಹೀಗೆ ಅರ್ಧ ಬಟ್ಟಲು ಖಾಲಿಯಾಗುವ ಮಟ್ಟಕ್ಕೆ ಬಂದಿದ್ದಳು. ಅಷ್ಟರಲ್ಲಿ ಆ ಅನಾಹುತ ಆಯಿತು.

ಅಂದು ಊಟಕ್ಕೆ ಮುಂಚಿನ ಧ್ಯಾನ. ಹೊರಗೆ ಮೋಡ, ಒಳಗೆ ಹೀಟರಿನ ಕಾವು. ಎಲ್ಲರೂ ಚಾಪೆಯ ಮೇಲೆ ಕಣ್ಣು ಮುಚ್ಚಿ ಕೂತಿದ್ದರು. ಟೀಚರು ಹೇಳುವುದನ್ನೆಲ್ಲ ಹೇಳಿ ಸುಮ್ಮನಾದಳು. ಅಡಿಗೆಮನೆಯ ಕಡೆಯಿಂದ ಗೆಣಸು ಸುಡುವ ವಾಸನೆ ಬರುತ್ತಿತ್ತು. ಹಲೋ ಅಕ್ಕನಿಗೆ ಜೊಂಪು ಹತ್ತಿತು.

ಈ ಮೌನಕ್ಕೆ ಎಕ್ಸ್‌ಚೇಂಜಿನಲ್ಲಿ ಬೇರೆಯೇ ಬೆಲೆಯಿತ್ತು. ಎರಡು ಊರಿನ ಲೈನು ಸೇರಿಸಿಕೊಟ್ಟ ಮೇಲೆ ಆಪರೇಟರು ಆಗಾಗ ಕಿವಿಗೊಡಬೇಕು. ಸದ್ದಿದ್ದರೆ ಸರಿ, ಸದ್ದು ನಿಂತಿದ್ದರೆ ಲೈನಿನೊಳಗೆ ಬಂದು ವಿಚಾರಿಸಬೇಕು. ಉತ್ತರ ಬರದಿದ್ದರೆ ವಯರು ಎಳೆದು ಲೈನು ಬಿಡಿಸಬೇಕು. ಕಾಯಿಲೆಯ ಸುದ್ದಿ ಕೇಳಿ ಮಾತು ಕಟ್ಟಿದವರು, ಮುನಿಸಿಕೊಂಡು ಬಾಯಿ ಬಿಡದವರು, ಬರೀ ಉಸಿರು ಕೇಳಿಸಿಕೊಂಡು ನಿಂತವರು, ಎಲ್ಲರನ್ನೂ ಅವಳು ಒಂದೇ ದನಿಯಲ್ಲಿ ಕೇಳುತ್ತಿದ್ದಳು. ಆ ಕೆಲಸ ಬಿಟ್ಟು ಯಾವ ಕಾಲವಾಯಿತೋ. ನಾಲಿಗೆಗೆ ಅದು ತಿಳಿದಿರಲಿಲ್ಲ.

"ಮಾತಾಡ್ತಾ ಇದ್ದೀರಾ?"

ಹಾಲಿನ ತುಂಬ ಕೇಳುವಂತೆ, ಗಂಟೆ ಹೊಡೆದಷ್ಟು ಸ್ಪಷ್ಟವಾಗಿ, ಅವಳ ಬಾಯಿ ತಾನಾಗಿಯೇ ಕೇಳಿತು. ತನ್ನ ದನಿಗೆ ತಾನೇ ಎಚ್ಚರಗೊಂಡು ಹಲೋ ಅಕ್ಕ ಗಾಬರಿಯಾದಳು. ಇನ್ನೇನು ಬೆರಳು ಏಳುತ್ತದೆ ಎಂದು ಎಡಗಡೆಯ ಚಾಪೆಯತ್ತ ತಿರುಗಿದಳು. ಬೆರಳಮ್ಮ ಕಣ್ಣು ಮುಚ್ಚಿಕೊಂಡೇ ಕೂತಿದ್ದಳು. ಅವಳೂ ಎಲ್ಲಿಗೆ ಹೋಗಿದ್ದಳೋ ಏನೋ, ಕೇಳಿದವರಿಗೆ ಉತ್ತರ ಕೊಡುವುದು ಮರ್ಯಾದೆ ಎನ್ನುವ ಹಾಗೆ ಹೇಳಿದಳು:

"ಇಲ್ಲ. ಆ ಕಡೆ ಯಾರೂ ಎತ್ತಾ ಇಲ್ಲ."

ಹಿಂದಿನ ಸಾಲಿನಲ್ಲಿ ಒಬ್ಬರು ಕಿಸಕ್ಕೆಂದರು. ತಡೆದಿಟ್ಟಿದ್ದ ನಗು ಒಬ್ಬರಿಂದೊಬ್ಬರಿಗೆ ಹಬ್ಬಿತು. ಟೀಚರು ಗಂಟೆ ಬಾರಿಸಿದಳು. ಬೆರಳಮ್ಮ ಕಣ್ಣು ಬಿಟ್ಟು, ತಾನು ಏನಂದೆ ಎಂಬುದು ಈಗ ಕೇಳಿಸಿದಂತೆ ಕೆಂಪಾಗಿ, ಎದ್ದು ಚಪ್ಪಲಿ ಬಿಟ್ಟಿದ್ದ ಕಡೆಗೆ ನಡೆದುಬಿಟ್ಟಳು. ಹಲೋ ಅಕ್ಕನಿಗೆ ನಗು ಬರಲಿಲ್ಲ. ಯಾರೂ ಎತ್ತುತ್ತಿಲ್ಲ ಎಂದು ಎಷ್ಟೋ ಜನಕ್ಕೆ ತಾನೇ ಹೇಳಿದ್ದಳು; ತನಗೆ ಯಾರೂ ಹೇಳಿದ್ದಿರಲಿಲ್ಲ.

ಊಟವಾದ ಮೇಲೆ ಟೀಚರು ಅವಳನ್ನು ಕಿಟಕಿಯ ಹತ್ತಿರ ಕರೆದಳು.

"ಅಮ್ಮಾ, ನಾನು ಬೈತಾ ಇಲ್ಲ, ತಪ್ಪು ತಿಳ್ಕೋಬೇಡಿ. ನಿಮಗೆ ಮೌನ ಕಷ್ಟ ಆಗ್ತಿದೆ. ಮೊದಲೂ ಒಬ್ಬರು ದೂರು ಹೇಳಿದ್ರು. ನಾಳೆಯಿಂದ ನಿಮ್ಮ ಪಾಲಿನ ಊಟ ಡಬ್ಬಿಗೆ ಹಾಕಿಸಿ ಕೊಡ್ತೀನಿ. ಮನೇಲಿ ಆರಾಮಾಗಿ ಕೂತು ತಿನ್ನಿ."

"ಮನೇಲಾ?"

"ಊಟ ಇದೇ ತಾನೇ ಅಮ್ಮಾ. ಅದೇ ಸೂಪು, ಅದೇ ಪಲ್ಯ."

"ಬಾಯಿಗೆ ಬಟ್ಟೆ ಕಟ್ಕೊಂಡು ಒಂದು ಮೂಲೇಲಿ ಕೂತ್ಕೋತೀನಿ. ಆಗಲ್ವಾ?" ಎಂದು ಹಲೋ ಅಕ್ಕ ಕೇಳಿದಳು. ತಮಾಷೆಯ ದನಿಯಲ್ಲೇ ಕೇಳಿದಳು, ಆದರೆ ತಮಾಷೆಗೆ ಕೇಳಿರಲಿಲ್ಲ.

"ಬಾಯಿಗೆ ಬಟ್ಟೆ ಕಟ್ಕೊಂಡ್ರೆ ತಿನ್ನೋದು ಹೇಗೆ?" ಎಂದು ಟೀಚರು ಪ್ರೀತಿಯಿಂದಲೇ ಅವಳ ಕೈ ಹಿಡಿದು ಹೇಳಿದಳು. ಪ್ರೀತಿಯಿಂದ ಹೇಳಿದ್ದಕ್ಕೆ ತಿರುಗಿ ಬೀಳುವುದೂ ಕಷ್ಟ.

ಮರುದಿನ ಹಾಲಿಗೆ ಹೋದಾಗ ಡಬ್ಬಿ ಕೈಗೆ ಕೊಟ್ಟರು. ಹಲೋ ಅಕ್ಕ ಅದನ್ನು ತಂದು ಮೇಜಿನ ಮೇಲಿಟ್ಟಳು. ಮುಚ್ಚಳ ತೆಗೆಯಲು ಮನಸ್ಸಾಗಲಿಲ್ಲ. ರೇಡಿಯೋ ಹಾಕಿದಳು, ಆರಿಸಿದಳು. ಎದುರಿನ ಕುರ್ಚಿಯ ಮೇಲೆ ಇಸ್ತ್ರಿಗೆ ಕಾದಿದ್ದ ಬಟ್ಟೆಯ ರಾಶಿಯಿತ್ತು. ಬಹಳ ದಿನದಿಂದ ಅಲ್ಲೇ ಇತ್ತು. ಸಂಜೆ ಡಬ್ಬಿ ತೆರೆದಾಗ ಸೂಪಿನ ಮೇಲೆ ಕೆನೆ ಕಟ್ಟಿತ್ತು. ಅನ್ನ ಚೆಲ್ಲಿದರೆ ಅಮ್ಮ ಹೊಡೆಯುತ್ತಿದ್ದಳು. ಈಗ ಹೊಡೆಯುವವರೂ ಇಲ್ಲ ಎಂದುಕೊಂಡು ಅದನ್ನು ಸಿಂಕಿಗೆ ಸುರಿದಳು. ಇನ್ನು ಹೋಗುವುದು ಬೇಡ, ಡಬ್ಬಿ ವಾಪಸು ಕೊಟ್ಟು ಬಂದರಾಯಿತು ಎಂದು ತೀರ್ಮಾನಿಸಿದಳು. ಹಾಗೆ ತೀರ್ಮಾನಿಸಿದ ಮೇಲೆ ಆ ಮನೆಯಲ್ಲಿ ಮಾಡಲು ಏನೂ ಉಳಿಯಲಿಲ್ಲ.

ಡಬ್ಬಿ ಕೊಡುವುದು ಹಾಲಿನ ಹಿಂಬಾಗಿಲಲ್ಲಿ. ಮಾರನೆಯ ದಿನ ಅವಳು ಹೋದಾಗ ಅಲ್ಲಿ ಬೂದು ಸ್ವೆಟರು ನಿಂತಿತ್ತು. ಅಡಿಗೆಯವನು ಒಂದು ಡಬ್ಬಿ ಬೆರಳಮ್ಮನ ಕೈಗೆ ಕೊಟ್ಟ. ಹಲೋ ಅಕ್ಕ ಬಾಯಿ ತೆರೆಯುವ ಮೊದಲೇ ಅವಳ ಖಾಲಿ ಡಬ್ಬಿ ತೆಗೆದುಕೊಂಡು, ಇನ್ನೊಂದು ತುಂಬಿದ ಡಬ್ಬಿ ಅವಳ ಕೈಯಲ್ಲಿಟ್ಟು, "ಬೇಗ ತಿನ್ರಮ್ಮಾ, ಆರಿದ್ರೆ ಚೆನ್ನಾಗಿರಲ್ಲ," ಎಂದು ಬಾಗಿಲು ಹಾಕಿಕೊಂಡ. ಬರಲ್ಲ ಎನ್ನುವ ಮಾತು ಅವಳ ಬಾಯಲ್ಲೇ ಉಳಿಯಿತು.

ಇಬ್ಬರೂ ಗೇಟಿನ ತನಕ ನಡೆದರು. ಉದುರಿದ ಎಲೆ ಚಪ್ಪಲಿಗೆ ಅಂಟುತ್ತಿತ್ತು.

"ನಿಮ್ಮನ್ನೂ ಕಳಿಸಿಬಿಟ್ರಾ?" ಹಲೋ ಅಕ್ಕ ಕೇಳಿದಳು.

"ಇಲ್ಲ. ನಾನೇ ಕೇಳಿದೆ. ಅಲ್ಲಿ ಕೂತ್ರೆ ಎಲ್ಲರೂ ನನ್ನನ್ನೇ ನೋಡ್ತಾರೆ." ಬೆರಳಮ್ಮ ಬಿಸಿ ಡಬ್ಬಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡಳು. "ಅವತ್ತು ದೂರು ಹೇಳಿದ್ದು ನಾನೇರೀ. ಮೊದಲನೇ ದಿನ."

"ಗೊತ್ತಿತ್ತು ಬಿಡಿ."

"ಗೊತ್ತಿದ್ದೂ ದಿನಾ ನನ್ನ ಎದುರೇ ಕೂರ್ತಿದ್ರಲ್ಲ?"

ಇಷ್ಟು ದಿನ ಮಾತಿಗೆ ಹಸಿದಿದ್ದ ಹಲೋ ಅಕ್ಕ, ಎದುರಿಗೆ ಕಿವಿ ಸಿಕ್ಕಾಗ ತಡವರಿಸಿದಳು. ಬೆರಳಮ್ಮ ಬಲಕ್ಕೆ ತಿರುಗುವವಳಿದ್ದಳು, ತಾನು ಎಡಕ್ಕೆ. ತಿರುಗಿದರೆ ಮುಗಿಯಿತು.

"ನಮ್ಮನೆ ಇಲ್ಲೇ, ಬೇಕರಿ ಪಕ್ಕ," ಎಂದಳು. "ಆರೋದ್ರೊಳಗೆ ತಲುಪಬಹುದು."

ಬೆರಳಮ್ಮ ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ ಹಲೋ ಅಕ್ಕ ಕುರ್ಚಿಯ ಮೇಲಿನ ಬಟ್ಟೆಯ ರಾಶಿಯನ್ನು ತಬ್ಬಿ ಎತ್ತಿಕೊಂಡು ಹೋಗಿ ಮಂಚದ ಮೇಲೆ ಕೆಡವಿದಳು. ಸೂಪು ಆರಿಯೇ ಹೋಗಿತ್ತು. ಎರಡೂ ಡಬ್ಬಿಯದನ್ನು ಒಂದೇ ಪಾತ್ರೆಗೆ ಸುರಿದು ಒಲೆಯ ಮೇಲಿಟ್ಟಳು. ಬಟ್ಟಲು ಎರಡು ಹುಡುಕಿ ತೊಳೆದಳು.

ಕೂತ ಮೇಲೆ ಬೆರಳಮ್ಮ ಬಾಯಿ ತೆರೆದಳು. ಕಟ್ಟೆ ಒಡೆದ ಹಾಗೆ. ಬೇಕರಿಯ ವಾಸನೆಯಿಂದ ಶುರುವಾದದ್ದು ತನ್ನ ಮಂಡಿನೋವಿಗೆ ಬಂತು, ಅಲ್ಲಿಂದ ಕಿಟಕಿಯ ಪರದೆಗೆ ಹಾರಿತು, ಆಮೇಲೆ ಸುತ್ತಿ ಬಳಸಿ ಮಗಳಿಗೆ ಬಂತು. ಅಳಿಯ ಕೆಲಸ ಬಿಟ್ಟು ಮನೆಯಲ್ಲಿ ಕೂತಾಗ ಬೆರಳಮ್ಮ ಒಂದು ಮಾತು ಅಂದಿದ್ದಳಂತೆ. ಎಲ್ಲರೆದುರಿಗೆ.

"ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತ ನಮ್ಮಮ್ಮ ಬಡ್ಕೋತಿದ್ಲು. ನಾನೆಲ್ಲಿ ಕೇಳಿದೆ. ಅವತ್ತಿಂದ ಮಗಳು ಫೋನೇ ಎತ್ತಲ್ಲ. ದಿನಾ ಮಾಡ್ತೀನಿ. ಬಾಯಿ ಮುಚ್ಕೊಂಡಿರೋದು ಕಲಿಯೋಣ ಅಂತಾನೇ ಆ ಶಿಬಿರಕ್ಕೆ ಸೇರಿದ್ದು. ಕಲಿತೆ ಕಣೇ ಅಂತ ಅವಳಿಗೆ ಹೇಳಬೇಕು. ಹೇಳೋಕೆ ಅವಳು ಫೋನ್ ಎತ್ತಬೇಕಲ್ಲ."

ಹೇಳಿ ತಾನೇ ಸ್ವಲ್ಪ ನಕ್ಕಳು. ಕಣ್ಣು ಒರೆಸಿಕೊಂಡು ಮತ್ತೆ ಮುಂದುವರಿಸಿದಳು. ಮಗಳು ಚಿಕ್ಕವಳಿದ್ದಾಗ ಕುಂಬಳಕಾಯಿ ಮುಟ್ಟುತ್ತಿರಲಿಲ್ಲ, ಸೇಬಿನ ಬೀಜ ನುಂಗಿ ಹೊಟ್ಟೆಯಲ್ಲಿ ಮರ ಬೆಳೆಯುತ್ತದೆ ಎಂದು ಅತ್ತಿದ್ದಳು. ಹಲೋ ಅಕ್ಕ "ಹೂಂ" ಎನ್ನುತ್ತ ಸೂಪು ಕುಡಿಯುತ್ತಿದ್ದಳು. ತಂಗಿಯ ವಿಷಯ ಹೇಳಬೇಕೆಂದು ಎರಡು ಸಲ ಬಾಯಿ ತೆರೆದಳು, ಸಂದು ಸಿಗಲಿಲ್ಲ. ಸಿಗದಿದ್ದುದಕ್ಕೆ ಬೇಸರವೂ ಆಗಲಿಲ್ಲ.

ಚಮಚ ತಳಕ್ಕೆ ತಾಗಿದಾಗಲೇ ಬಟ್ಟಲು ಖಾಲಿಯಾದದ್ದು ಅವಳಿಗೆ ಗೊತ್ತಾದದ್ದು. ಪೂರ್ತಿ ಬಟ್ಟಲು. ಎದ್ದು ತೊಳೆಯಲು ಕುರ್ಚಿ ಹಿಂದೆ ಸರಿಸಿದಳು. ಆ ಸದ್ದಿಗೆ ಬೆರಳಮ್ಮ ಮಾತು ನಿಲ್ಲಿಸಿ, ಹೊರಡುವವಳಂತೆ ಮಡಿಲಲ್ಲಿದ್ದ ಚೀಲ ಎತ್ತಿಕೊಂಡಳು. ಹಲೋ ಅಕ್ಕ ಕುರ್ಚಿಯನ್ನು ಮತ್ತೆ ಮುಂದಕ್ಕೆಳೆದುಕೊಂಡು, ಏನೂ ಇಲ್ಲದ ಬಟ್ಟಲಿನೊಳಗೆ ಚಮಚ ಆಡಿಸಿ, ಬಾಯಿಗೆ ಇಟ್ಟುಕೊಂಡಳು. "ಆಮೇಲೆ?" ಎಂದಳು.

ಬೆರಳಮ್ಮ ಚೀಲ ಬಿಟ್ಟು ತನ್ನ ಚಮಚ ಎತ್ತಿಕೊಂಡಳು. ಅವಳ ಬಟ್ಟಲೂ ಯಾವಾಗಲೋ ಬರಿದಾಗಿತ್ತು. ಅದರ ಅಂಚನ್ನು ಅವಳು ನಿಧಾನವಾಗಿ ಕೆರೆದಳು, ಊದಿದಳು, ಬಾಯಿಗೆ ಹಾಕಿಕೊಂಡಳು.