ಹನ್ನೊಂದನೇ ಮಹಡಿಗೆ ಖುದ್ದಾಗಿ

"ಥೂ, ಬಕೆಟ್ಟು ಆಚೆ ಇಡೋ! ನೆಲ ನಿಮ್ಮಪ್ಪ ಬಂದು ಒರೆಸ್ತಾನಾ?"

"ಅಪ್ಪ ಇಲ್ಲ ಸಾರ್. ನಾನೇ ಒರೆಸ್ತೀನಿ."

ಬೈದವನು ನಿವೃತ್ತಿ ನಿಧಿಯ ಸಾಹೇಬ. ಬೈಸಿಕೊಂಡವನು ಅದೇ ಕಟ್ಟಡದ ಕಿಟಕಿಗಳನ್ನು ಹೊರಗಿನಿಂದ ತೊಳೆಯುವವನು. ಜೊತೆಯವರು ಅವನನ್ನು ಗಾಜಣ್ಣ ಎನ್ನುತ್ತಿದ್ದರು. ಹೊರದೇಶದಿಂದ ದುಡಿಯಲು ಬಂದವರ ಸಂಬಳದಲ್ಲಿ ತಿಂಗಳು ತಿಂಗಳೂ ಒಂದು ಪಾಲನ್ನು ಈ ನಿಧಿ ಮುರಿದುಕೊಳ್ಳುತ್ತಿತ್ತು. ವೀಸಾ ಮುಗಿದ ಮೇಲೆ ಬಡ್ಡಿ ಸಮೇತ ಕೊಡುತ್ತಾರಂತೆ.

ಸಾಹೇಬ ಅರ್ಜಿಯನ್ನು ಎರಡು ಬೆರಳಲ್ಲಿ ಹಿಡಿದು ವಾಪಸು ತಳ್ಳಿದ. "ವೀಸಾ ಇನ್ನೂ ಇದೆಯಲ್ಲೋ. ರದ್ದಾದ ಮೇಲೆ ಬಾ. ಖುದ್ದಾಗಿ ಬರ್ಬೇಕು."

"ರದ್ದಾದೋರನ್ನ ಗೇಟಲ್ಲೇ ಬಿಡಲ್ಲ ಸಾರ್."

"ಅದು ಗೇಟಿನವರ ವಿಷಯ. ನಿನ್ನ ದುಡ್ಡೇನು ನಾವು ತಿಂದಿಲ್ಲ, ಬಂಡವಾಳ ಹಾಕಿದೀವಿ. ಈ ಕಟ್ಟಡ ಎದ್ದಿರೋದೇ ನಿಮ್ಮಂಥೋರ ದುಡ್ಡಲ್ಲಿ. ಹೆಮ್ಮೆ ಪಡು!"

ಗಾಜಣ್ಣ ಹೆಮ್ಮೆಪಡಲು ನೋಡಿದ, ಆಗಲಿಲ್ಲ. ಗೋಡೆಯ ಜಾಹೀರಾತಿನಲ್ಲಿ ಬಿಳಿಗೂದಲಿನ ಗಂಡಹೆಂಡತಿ ಸಮುದ್ರದ ದಂಡೆಯಲ್ಲಿ ಕಾಲು ಚಾಚಿ ಹಲ್ಲು ಕಿರಿಯುತ್ತಿದ್ದರು. ಎಂಥಾ ಮುಪ್ಪು! ಅವನ ಬಲಭುಜವೋ ಹಗ್ಗ ಜಗ್ಗಿ ಜಗ್ಗಿ ಕೆಟ್ಟು ಕೂತಿತ್ತು. ಊರಿಗೆ ಹೋದರೆ ಯಾರೂ ಕೆಲಸಕ್ಕೆ ಕರೆಯುವಂತಿರಲಿಲ್ಲ. ಹನ್ನೆರಡು ವರ್ಷದ ಆ ಗಂಟೇ ಅವನಿಗೂ ಹೆಂಡತಿಗೂ ಮುಂದಿನ ಅನ್ನ.

ಮರುವಾರ ಬೆಳಿಗ್ಗೆ ವೀಸಾ ರದ್ದಾಯಿತು. ರಾತ್ರಿಗೆ ವಿಮಾನ. ಗಾಜಣ್ಣ ಅರ್ಜಿ ಹಿಡಿದು ಓಡಿದರೆ, ಗೇಟಿನ ಕಾವಲುಗಾರ ವೀಸಾ ಕಾರ್ಡು ನೋಡಿ ಕತ್ತು ಹಿಡಿದು ದಬ್ಬಿದ. ಆದರೆ ಗಾಜು ತೊಳೆಸುವ ಕಂಪನಿಗೆ ರದ್ದಾದವನ ಮಧ್ಯಾಹ್ನವೂ ಬಿಟ್ಟಿಯಾಗಿ ಬೇಕಿತ್ತು. "ಹೋಗೋ ಮುಂಚೆ ಮುಂದುಗಡೆ ಗೋಡೆ ಗಾಜು ಮುಗಿಸೋ" ಎಂದ ಮೇಸ್ತ್ರಿ. ಬಕೆಟ್ಟು ಹಿಡಿದು ಹಿಂಬಾಗಿಲಿನಿಂದ ಬಂದವನ ವೀಸಾವನ್ನು ಯಾವ ನಾಯಿಯೂ ಕೇಳಲಿಲ್ಲ.

ಗಾಜು ತೊಳೆಯುವವರು ನಿಲ್ಲುವ ಕಬ್ಬಿಣದ ತೊಟ್ಟಿಲು ಗೋಡೆಗುಂಟ ಹನ್ನೊಂದನೇ ಮಹಡಿಗೆ ಏರಿತು. ಅದರ ಗುಂಡಿ ಒತ್ತುತ್ತಿದ್ದವನು ಹೆಂಡತಿಯ ತಮ್ಮ.

"ಭಾವ, ಸಾಹೇಬನ ರೂಮು ಇದೇ ಅಂತ ಗ್ಯಾರಂಟಿನಾ?"

"ಅವನು ಮೂಗಲ್ಲಿ ಬೆರಳಿಡೋದನ್ನ ಎಷ್ಟು ವರ್ಷದಿಂದ ನೋಡ್ತಿದೀನಿ! ನಿಲ್ಸು."

ಗಾಜಣ್ಣ ಗಾಜು ಬಡಿದ. ಸಾಹೇಬ ಬೆಚ್ಚಿಬಿದ್ದು ಚಹಾವನ್ನು ಪ್ಯಾಂಟಿನ ಮೇಲೆ ಚೆಲ್ಲಿಕೊಂಡ. ಗಾಳಿಗೆಂದು ಕಿಟಕಿಯನ್ನು ಅಂಗೈಯಗಲ ತೆರೆದಿದ್ದರು. ಆ ಸಂದಿಗೆ ಗಾಜಣ್ಣ ಬಾಯಿಟ್ಟ.

"ವೀಸಾ ರದ್ದಾಯ್ತು ಸಾರ್. ಖುದ್ದಾಗಿ ಬಂದಿದೀನಿ."

"ಬೋಳಿಮಗನೇ, ಬರೋ ದಾರಿನೇನೋ ಇದು?"

"ಗೇಟಿಲ್ಲದ ದಾರಿ ಇದೊಂದೇ ಸಾರ್." ಅರ್ಜಿಯನ್ನು ಸಂದಿಯಿಂದ ಒಳಕ್ಕೆ ತೂರಿಸಿದ. ಸಾಹೇಬ ಅದನ್ನು ಹೊರಕ್ಕೆ ನೂಕಿ ಫೋನೆತ್ತಿದ. ಸ್ವಲ್ಪ ಹೊತ್ತಿಗೆ ಭಾಮೈದನ ಸೊಂಟದಲ್ಲಿದ್ದ ವಾಕಿಟಾಕಿ ಕಿರುಚಿತು.

"ಲೋ, ಇಳಿಸೋ ಅದನ್ನ! ಇಳಿಸ್ಲಿಲ್ಲ ಅಂದ್ರೆ ನಾಳೆ ನಿನ್ನ ವೀಸಾನೂ ರದ್ದು ಮಾಡಿಸ್ತೀನಿ, ಸೂಳೆಮಗನೇ!" ಮೇಸ್ತ್ರಿಯ ದನಿ.

ಇಷ್ಟು ವರ್ಷ ತೂಗಾಡಿದರೂ ಈ ಎತ್ತರದಲ್ಲಿ ಗಾಜಣ್ಣನಿಗೆ ಹೆದರಿಕೆಯಾದದ್ದು ಇದೇ ಮೊದಲು, ಅದೂ ತನಗಾಗಿ ಅಲ್ಲ. "ಇಳಿಸ್ಬಿಡೋ" ಎಂದ. "ನಿಮ್ಮಕ್ಕಂಗೆ ನಾನೇ ಹೇಳ್ತೀನಿ, ಕೈಲಾಗ್ಲಿಲ್ಲ ಅಂತ."

ಭಾಮೈದ ಇಳಿಸುವ ಗುಂಡಿಯ ಮೇಲೆ ಬೆರಳಿಟ್ಟುಕೊಂಡೇ ಒಳಗಿನ ಮೆತ್ತನೆಯ ಕುರ್ಚಿ, ಮಿರಮಿರ ಮಿಂಚುವ ಮೇಜು ಎಲ್ಲವನ್ನೂ ಒಂದೊಂದಾಗಿ ನೋಡಿದ.

"ನಂದೂ ಇದೆ ಭಾವ ಇದ್ರಲ್ಲಿ. ಐದು ವರ್ಷದ್ದು."

ಬೆರಳು ತೆಗೆದ. ಇನ್ನೂ ಬೈಯುತ್ತಿದ್ದ ವಾಕಿಟಾಕಿಯನ್ನು ಸೊಂಟದಿಂದ ಕಿತ್ತು ಸೋಪಿನ ನೀರಿಗೆ ಅದ್ದಿದ. ಮೇಸ್ತ್ರಿಯ ಬೈಗುಳ ಗುಳುಗುಳು ಎಂದು ನಿಂತುಹೋಯಿತು.

ಗಾಜಣ್ಣ ಅರ್ಜಿಯನ್ನು ಇನ್ನೊಮ್ಮೆ ಸಂದಿಯೊಳಕ್ಕೆ ತೂರಿಸಿದ.

"ಸೀಲ್ ಒತ್ತಿ ಸಾರ್. ನಾವೆಲ್ಲೂ ಹೋಗಲ್ಲ."