ವೀರಣ್ಣನ ಹನ್ನೊಂದು ಪತ್ರ

ಗಂಗಾಂಬಿಕಾಳಿಗೆ ಅಪ್ಪನ ನೆನಪು ಒಂದೂ ಇರಲಿಲ್ಲ. ಇದ್ದದ್ದು ಹನ್ನೊಂದು ಇನ್‌ಲ್ಯಾಂಡ್ ಪತ್ರ. ಆ ಹನ್ನೊಂದೂ ಈಗ ಅಮೆರಿಕದ ಶ್ಯಾಂಟಿಲಿಯ ಶಾಲೆಯೊಂದರ ಕೆಫೆಟೇರಿಯಾದಲ್ಲಿ, ಕನ್ನಡ ಸಂಘದ ಸ್ವಾತಂತ್ರ್ಯ ದಿನದ ಮೇಜಿನ ಮೇಲೆ, ಲ್ಯಾಮಿನೇಟ್ ಆಗಿ ಮಿಂಚುತ್ತ ಕೂತಿದ್ದವು. ಅಕ್ಷರಗಳ ನಡುವೆ ಅಲ್ಲಲ್ಲಿ ದಪ್ಪ ಕಪ್ಪು ಪಟ್ಟಿಗಳು. ಪ್ಲಾಸ್ಟಿಕ್ಕಿನ ಮೇಲೆ ಏನೋ ಅಂಟಿದೆ ಎಂದುಕೊಂಡು ಅವಳು ಸೆರಗಿನಿಂದ ಒರೆಸಿದಳು. ಹೋಗಲಿಲ್ಲ.

ಅಪ್ಪ ವೀರಣ್ಣ ಗೋಕಾಕದ ಕಡೆಯವನು. ೧೯೮೭ರಲ್ಲಿ ಶ್ರೀಲಂಕಾದ ಅಂತರ್ಯುದ್ಧಕ್ಕೆ ಭಾರತ ಕಳಿಸಿದ ಪಡೆಯ ಜೊತೆ ತಮಿಳರ ಜಾಫ್ನಾಕ್ಕೆ ಹೋದ ಸಿಪಾಯಿ, ಆರನೇ ತಿಂಗಳಿಗೆ ಸತ್ತ. ಮಗಳಿಗೆ ಆಗ ಒಂದು ವರ್ಷ. ತಾಯಿ ಶಾಂತಾಬಾಯಿ ಪತ್ರಗಳನ್ನು ಟ್ರಂಕಿಗೆ ಹಾಕಿ ಬೀಗ ಜಡಿದವಳು, ಬದುಕಿರುವತನಕ ಮಗಳಿಗೂ ತೋರಿಸಲಿಲ್ಲ. ಹೋದ ಚಳಿಗಾಲದಲ್ಲಿ ತಾಯಿ ತೀರಿಕೊಂಡಾಗ ಗಂಗಾಂಬಿಕಾ ಅವನ್ನು ರೆಸ್ಟನ್‌ನ ತನ್ನ ಮನೆಗೆ ತಂದಳು. ತಿಂಗಳಿಗೆ ಒಂದೇ ಓದುವುದೆಂದು ನಿಯಮ ಮಾಡಿಕೊಂಡಳು. ಎಲ್ಲ ಒಮ್ಮೆಲೇ ಓದಿದರೆ ಅಪ್ಪ ಇನ್ನೊಮ್ಮೆ ಮುಗಿದುಹೋಗುತ್ತಾನೆ. ನಾಲ್ಕು ಓದಿಯಾಗಿತ್ತು.

ಅಷ್ಟರಲ್ಲಿ ಸಂಘದ ಹಿರಿಯ ಗುರುದತ್ತ ಅಂಕಲ್‌ಗೆ ಸುದ್ದಿ ಹೋಯಿತು. ನಮ್ಮವರಲ್ಲೂ ಒಬ್ಬ ಯೋಧನಿದ್ದ ಅಂತ ಮಕ್ಕಳು ನೋಡಲಿ, ಹದಿನೈದರಂದು ಕೈಗೇ ವಾಪಸ್ ಕೊಡುತ್ತೇನೆ ಎಂದರು. ಆ ಯುದ್ಧದ ಬಗ್ಗೆ ಮೂವತ್ತಾರು ವರ್ಷದಲ್ಲಿ ಯಾರೂ ಅವಳನ್ನು ಏನೂ ಕೇಳಿರಲಿಲ್ಲ. ಕೇಳಿದರಲ್ಲ ಎಂಬ ಒಂದೇ ಸಂತೋಷಕ್ಕೆ ಓದದ ಏಳನ್ನೂ ಸೇರಿಸಿ ಕೊಟ್ಟುಬಿಟ್ಟಳು.

ಗುರುದತ್ತರು ನಲವತ್ತು ವರ್ಷ ಸರಕಾರದ ಗುತ್ತಿಗೆ ಕಂಪನಿಯೊಂದರಲ್ಲಿ ಇದ್ದವರು. ಹಳೆಯ ಕಡತಗಳು ಜನರ ಕೈಗೆ ಹೋಗುವ ಮುಂಚೆ ಜನ ಓದಬಾರದ ಸಾಲುಗಳಿಗೆ ಕಪ್ಪು ಬಳಿಯುವುದೇ ಅವರ ಕೆಲಸ. ಅದಕ್ಕೆ ಎರಡು ಸಲ ಪದಕವೂ ಬಂದಿತ್ತು.

"ಅಂಕಲ್, ಏನ್ ಮಾಡೀರಿ ಇದನ್ನ?" ಎಂದಳು.

"ಸ್ವಲ್ಪ ಕ್ಲೀನ್ ಮಾಡಿದೆ ಅಷ್ಟೇ ಕಣಮ್ಮ. ಫ್ಯಾಮಿಲಿ ಇವೆಂಟು. ತಮಿಳ್ ಸಂಘದೋರ್ನೂ ಇನ್ವೈಟ್ ಮಾಡಿದೀವಿ. ಅವರೆದುರಿಗೆ ಅದೆಲ್ಲ ಚೆನ್ನಾಗಿರುತ್ತಾ?"

ಮೂರನೇ ಪತ್ರದ ಪಟ್ಟಿಯ ಕೆಳಗೆ ಏನಿತ್ತೆಂದು ಅವಳಿಗೆ ಬಾಯಿಪಾಠವಾಗಿತ್ತು. ನಿನ್ನೆ ಒಂದು ಮನೆ ಸುಟ್ಟೆವು. ಒಳಗೆ ಯಾರೂ ಇಲ್ಲ ಅಂದರು. ಆಮೇಲೆ ತೊಟ್ಟಿಲು ಕಂಡಿತು. ಶಾಂತಾ, ನಾನು ಊರಿಗೆ ಬಂದ ಮೇಲೆ ಗಂಗಿಯನ್ನು ನನ್ನ ಕೈಗೆ ಕೊಡಬೇಡ. ಇಷ್ಟನ್ನೂ ಬಳಿದು, ಹವೆ ಚೆನ್ನಾಗಿದೆ, ತೆಂಗಿನ ಮರ ಬಹಳ ಎಂಬುದನ್ನು ಉಳಿಸಿದ್ದರು. ಮೇಲಿನ ಫಲಕದಲ್ಲಿ ವೀರಯೋಧ ಎಂದಿತ್ತು.

ಗುರುದತ್ತರ ಹೆಂಡತಿ ಶೀಲಾ ಚಿತ್ರಾನ್ನದ ಟ್ರೇ ಹಿಡಿದು ಬಂದವರು ಇಬ್ಬರ ಮುಖವನ್ನೂ ನೋಡಿದರು. "ನನ್ನ ಗ್ರೋಸರಿ ಲಿಸ್ಟಲ್ಲಿ ಜಾಮೂನು ಅಂತ ಬರೆದ್ರೂ ಕಪ್ಪು ಬಳೀತಾರಮ್ಮ ಇವ್ರು. ಬೇಜಾರ್ ಮಾಡ್ಕೋಬೇಡ," ಎಂದು ತಾವೊಬ್ಬರೇ ನಕ್ಕರು.

"ಆಫೀಸ್‌ನಾಗೂ ಹಿಂಗ ಒರಿಜಿನಲ್ ಮ್ಯಾಗ ಬಳೀತಿದ್ರೇನ್ರೀ?" ಗಂಗಾಂಬಿಕಾ ಗುರುದತ್ತರನ್ನೇ ಕೇಳಿದಳು.

"ಛೆ, ಅಲ್ಲಿ ಕಾಪಿ ಮೇಲೆ. ಒರಿಜಿನಲ್ ಟಚ್ ಮಾಡಿದ್ರೆ ಜೈಲು. ಅದು ಗವರ್ನಮೆಂಟ್ ಡಾಕ್ಯುಮೆಂಟ್ ಅಲ್ವಾ. ಇದು ಮನೆ ಪತ್ರ."

"ಮಿಲಿಟರಿ ಸಾಹೇಬ ಓದಿ, ಸಹಿ ಮಾಡಿ ಬಿಟ್ಟ ಪತ್ರ ಇದು. ಯುದ್ಧದಾಗಿದ್ದವ್ರು ಹೋಗ್ಲಿ ಅಂದ್ರು. ನೀವ್ ಯಾರ್ರೀ ತಡ್ಯಾಕ?"

ಆಚೆ ಮೇಜಿನವರು ತಿರುಗಿ ನೋಡಿದರು. ಗುರುದತ್ತರು ದನಿ ತಗ್ಗಿಸಿ, ನಿಮ್ಮಪ್ಪನ ಮರ್ಯಾದೆಗೇ ಮಾಡಿದ್ದು, ಯೋಚನೆ ಮಾಡಿ ನೋಡು ಎಂದರು. ಅಪ್ಪನ ಮರ್ಯಾದೆ ಅಪ್ಪನೇ ನೋಡಿಕೊಂಡಿದ್ದ, ಮಾಡಿದ್ದನ್ನು ಬರೆದಿಟ್ಟಿದ್ದ ಎಂದು ಅವಳು ಅಂದಳು. ಆಮೇಲೆ ಓದದಿದ್ದ ಏಳು ಪತ್ರಗಳನ್ನು ಇಸ್ಪೀಟಿನ ಎಲೆಯಂತೆ ಅವರ ಮುಂದೆ ಹರಡಿದಳು.

"ಇವನ್ನ ನಾ ಓದಿಲ್ಲ. ನೀವ್ ಓದೀರಿ. ಬಳಿದದ್ದರಾಗ ಏನಿತ್ತು, ಹೇಳ್ರಿ."

ಗುರುದತ್ತರು ಕನ್ನಡಕ ಏರಿಸಿ ಒಂದೊಂದನ್ನೇ ನೋಡಿದರು. ಅವರ ಮುಖದಲ್ಲಿ ಮೊದಲ ಸಲ ಅಂಜಿಕೆ ಕಂಡಿತು.

"ನೆನಪಿಲ್ಲಮ್ಮ," ಎಂದರು. "ಬಳಿದದ್ದನ್ನ ಮರೀಬೇಕು. ನಲವತ್ತು ವರ್ಷ ಅದೇ ಅಭ್ಯಾಸ."

ಅವಳು ಎಲ್ಲವನ್ನೂ ಬಾಚಿಕೊಂಡು ಹೊರಗೆ ಹೋದಳು. ಶೀಲಾ ಆಂಟಿ ಹಿಂದಿನಿಂದ ಕರೆದರು, ತಿರುಗಲಿಲ್ಲ. ಪಾರ್ಕಿಂಗ್ ಲಾಟಿನ ಬಿಸಿಲಿಗೆ ಪತ್ರವೊಂದನ್ನು ಎತ್ತಿ ಹಿಡಿದಳು. ಬರೀ ಕಾಗದವಾಗಿದ್ದರೆ ಬಾಲ್‌ಪೆನ್ನಿನ ಒತ್ತಾದರೂ ಬೆರಳಿಗೆ ಸಿಗುತ್ತಿತ್ತು. ಈಗ ಪ್ಲಾಸ್ಟಿಕ್ಕು ನುಣ್ಣಗೆ ಜಾರಿತು. ತಿರುಗಿಸಿದಳು. ತೆಳು ನೀಲಿ ಕಾಗದ ಮಾರ್ಕರಿನ ಮಸಿಯನ್ನು ಕುಡಿದು ಹಿಂಬದಿಗೂ ಬಿಟ್ಟಿತ್ತು. ಯಾರೂ ಬೇಡವೆನ್ನದ ಸಾಲುಗಳೂ ಅಲ್ಲಿ ಮುಳುಗಿದ್ದವು.

ಕಾರಿನ ಬಾನೆಟ್ಟಿನ ಮೇಲೆ ಹರಡಿ ಎಣಿಸಿದಳು. ಗುರುದತ್ತರು ಬಳಿದದ್ದು ಇಪ್ಪತ್ತಾರು ಸಾಲು. ಹಿಂಬದಿಯಲ್ಲಿ ಮಸಿ ತಿಂದದ್ದು ಹತ್ತೊಂಬತ್ತು. ಒಟ್ಟು ನಲವತ್ತೈದು. ಅದರಲ್ಲಿ ಅವಳು ಓದಿದ್ದದ್ದು ಒಂಬತ್ತು.